ಅಪ್ಪೆಮಿಡಿ ಭರಣಿ ಮತ್ತು ನಮ್ಮ ಲೋಕನಾಥ್

ಮೊನ್ನೆ ಭಾನುವಾರ ಅಮ್ಮ ಅಪ್ಪೆಮಿಡಿ (ಎಳೇ ಮಾವಿನಮಿಡಿ) ಉಪ್ಪಿನಕಾಯಿ ಭರಣಿ ಬಾಯಿ ಬಿಚ್ಚಿದ್ರು. ಅಜ್ಜನ ಕಾಲದ ಭರಣಿ ಅದು, ಕಂದು ಬಣ್ಣದ್ದು, ಕುತ್ತಿಗೆ ಹತ್ರ ಒಂದು ಕಡೆ ಚಕ್ಕೆ ಎದ್ದಿದೆ, ಹೊಸನಗರದ ಕಡೆ ನಮ್ಮ ಹಳೇ ಮನೆಯಿಂದ ಶಿವಮೊಗ್ಗಕ್ಕೆ ಬರೋವಾಗ ಅಮ್ಮ ಅದನ್ನ ಬಸ್ಸಲ್ಲಿ ಮಡಿಲ ಮೇಲೆ ಇಟ್ಕೊಂಡು ಬಂದಿದ್ರು. ಬಟ್ಟೆ ಕಟ್ಟು ಬಿಚ್ಚಿದ ತಕ್ಷಣ ಆ ಸೊನೆ ವಾಸನೆ ಅಡುಗೆಮನೆ ದಾಟಿ ಜಗುಲಿವರೆಗೂ ಬಂತು. ಅಲ್ಲಿ ಪೇಪರ್ ಓದ್ತಾ ಕೂತಿದ್ದ ಅಪ್ಪ ತಲೆ ಎತ್ತಿ, "ಲೋಕನಾಥ್ ಇರ್ಬೇಕಿತ್ತು ಮಾರಾಯ" ಅಂದ್ರು.

ನಮ್ಮನೇಲಿ ಭರಣಿ ತೆಗೆದಾಗೆಲ್ಲ ಈ ಮಾತು ಬಂದೇ ಬರತ್ತೆ. ಚಿಕ್ಕವನಿದ್ದಾಗ ಲೋಕನಾಥ್ ಅಂದ್ರೆ ಯಾರೋ ನಮ್ಮ ಸಂಬಂಧಿಕರು ಅನ್ಕೊಂಡಿದ್ದೆ, ಉಪ್ಪಿನಕಾಯಿ ಇಷ್ಟಪಡೋ ಯಾವುದೋ ದೊಡ್ಡಪ್ಪ, ಬೆಂಗಳೂರಲ್ಲಿರೋರು, ಹಬ್ಬಕ್ಕೆ ಬರದೇ ಇರೋರು. ಆಮೇಲೆ ಒಂದು ಭಾನುವಾರ ಸಂಜೆ ದೂರದರ್ಶನದಲ್ಲಿ ಭೂತಯ್ಯನ ಮಗ ಅಯ್ಯು ಹಾಕಿದ್ರು, ಪಕ್ಕದ ಮನೆಯವರ ಟಿವಿ ಮುಂದೆ ನಾವೆಲ್ಲ ಚಾಪೆ ಹಾಕ್ಕೊಂಡು ಕೂತಿದ್ವಿ, ಆಗ ಅಪ್ಪ ನನ್ನ ಭುಜ ತಟ್ಟಿ "ಇವ್ರೇ ನೋಡು" ಅಂತ ತೋರಿಸಿದ್ರು. ಅವತ್ತಿಂದ ಇವತ್ತಿನ ತನಕ ಆ ಮನುಷ್ಯ ನನ್ನ ಪಾಲಿಗೆ ನಿಜವಾಗ್ಲೂ ಮನೆಯವರೇ. ಅವರ ಬಗ್ಗೆ ಬರೀಬೇಕು ಅಂತ ಎಷ್ಟೋ ವರ್ಷದಿಂದ ಇತ್ತು. ಭಾನುವಾರ ಅಪ್ಪ ಇನ್ನೊಂದು ವಿಷಯ ಹೇಳಿದ್ರು, ಅದು ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ, ಹಾಗಾಗಿ ಇವತ್ತು ಕೂತು ಬರೀತಿದೀನಿ.

ಗೊತ್ತಿಲ್ಲದವರಿಗೆ ಮೊದಲು ಒಂದಿಷ್ಟು. ಸಿ.ಎಚ್. ಲೋಕನಾಥ್, ಹುಟ್ಟಿದ್ದು 1927ರ ಆಗಸ್ಟ್ 14, ಬೆಂಗಳೂರಲ್ಲಿ. ಇಂಡಸ್ಟ್ರಿಯವರಿಗೆ ಅಂಕಲ್ ಲೋಕನಾಥ್. ಜನಕ್ಕೆ ಉಪ್ಪಿನಕಾಯಿ ಲೋಕನಾಥ್. ತೀರಿಕೊಂಡಿದ್ದು 2018ರ ಡಿಸೆಂಬರ್ 31, ಆಗ 91 ವರ್ಷ. ಆವಾಗ ಪೇಪರಲ್ಲಿ ಬಂದ ಲೆಕ್ಕ 650 ಸಿನಿಮಾ, ಸಾವಿರ ನಾಟಕ ಪ್ರದರ್ಶನ. ಒಬ್ಬ ಮನುಷ್ಯ ಸಾವಿರ ಸಲ ಬಣ್ಣ ಹಚ್ಚಿ, ಸಾವಿರ ಸಲ ಬಣ್ಣ ತೊಳ್ಕೊಂಡು ಮನೆಗೆ ಹೋಗಿರ್ತಾನೆ ಅಂದ್ರೆ, ಅದನ್ನ ಸುಮ್ನೆ ಒಂದು ಸಂಖ್ಯೆ ಅಂತ ಓದಿ ಮುಂದೆ ಹೋಗಕ್ಕೆ ನನಗಂತೂ ಆಗಲ್ಲ.

ಅವರು ಬಂದಿದ್ದು ಹವ್ಯಾಸಿ ರಂಗಭೂಮಿಯಿಂದ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಹಳೇ ಸಿನಿಮಾ ನಟರು ಅಂದ ತಕ್ಷಣ ಎಲ್ಲರೂ ನಾಟಕ ಕಂಪನಿಯವರು ಅನ್ಕೊಂಡುಬಿಡ್ತೀವಿ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಲ್ಲ ಕಂಪನಿಯಿಂದ ಬಂದವರು, ಊರೂರು ಕ್ಯಾಂಪು, ಡೇರೆ, ರಾತ್ರಿ ನಾಟಕ ಹಗಲು ನಿದ್ದೆ, ಹೊಟ್ಟೆಪಾಡೇ ನಾಟಕ. ನಮ್ಮ ಕಡೆ ಸಾಗರದ ಮಾರಿಕಾಂಬಾ ಜಾತ್ರೆಗೆ, ಶಿರಸಿ ಜಾತ್ರೆಗೆ ಇವತ್ತಿಗೂ ಕಂಪನಿಗಳು ಬಂದು ಡೇರೆ ಹಾಕ್ತವೆ, ನೋಡಿದವರಿಗೆ ಗೊತ್ತು ಅದರ ಖದರ್ರು. ಹವ್ಯಾಸಿ ಅನ್ನೋದು ಬೇರೆ ಲೋಕ. ಹಗಲು ನೌಕರಿನೋ ವ್ಯಾಪಾರಾನೋ ಮಾಡ್ಕೊಂಡು ಸಂಜೆ ಆರರ ಮೇಲೆ ಯಾವುದೋ ಸ್ಕೂಲಿನ ರೂಮಲ್ಲಿ ಪ್ರಾಕ್ಟೀಸು, ಎರಡು ತಿಂಗಳು ಒದ್ದಾಡಿ ಒಂದು ಶೋ, ಅದೂ ಟಿಕೆಟ್ ನಾವೇ ಮಾರಬೇಕು, ಕಾಸು ಹುಟ್ಟಲ್ಲ, ಕೈಯಿಂದಾನೇ ಹೋಗತ್ತೆ. ಹಾಗಿದ್ರೂ ಜನ ಮಾಡ್ತಾರೆ. ಲೋಕನಾಥ್ ಅಂತಾ ಜಗತ್ತಲ್ಲಿ ಸುಮಾರು ಇಪ್ಪತ್ತು ವರ್ಷ ಇದ್ದು, ನಲವತ್ತು ದಾಟಿದ ಮೇಲೆ ಸಿನಿಮಾಕ್ಕೆ ಬಂದೋರು. ಹೀರೋ ಆಗೋ ವಯಸ್ಸೆಲ್ಲ ಮುಗಿದಿತ್ತು. ದುಂಡು ಮುಖ, ಅಗಲ ಹಣೆ, ಗಡಸು ದನಿ. ಅಂದ್ರೆ ಬಂದಾಗಲೇ ಅಪ್ಪ, ಮಾವ, ಮೇಷ್ಟ್ರು, ಶಾನುಭೋಗ. ಅದನ್ನೇ ಹಿಡ್ಕೊಂಡು ಸುಮಾರು ಐವತ್ತು ವರ್ಷ ನಡೆದ್ರು.

ಮತ್ತೆ ಅವರ ಸಿನಿಮಾ ಬದುಕು ಶುರುವಾಗಿದ್ದು ಎಲ್ಲಿ ಅಂತೀರಿ, ನಮ್ಮ ಮಲೆನಾಡಲ್ಲೇ. ಸಂಸ್ಕಾರ. 1970ರಲ್ಲಿ ಬಂತು. ಶೃಂಗೇರಿ ಹತ್ರ ವೈಕುಂಠಪುರದ ಅಗ್ರಹಾರದಲ್ಲಿ ಶೂಟಿಂಗು. ಕಥೆ ಬರೆದ ಅನಂತಮೂರ್ತಿ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯವರು, ನಾರಣಪ್ಪನ ಪಾರ್ಟ್ ಮಾಡಿದ ಲಂಕೇಶ್ ನಮ್ಮ ಶಿವಮೊಗ್ಗ ಪಕ್ಕದ ಕೊನಗವಳ್ಳಿಯವರು, ಪ್ರಾಣೇಶಾಚಾರ್ಯ ಗಿರೀಶ್ ಕಾರ್ನಾಡ್, ಚಂದ್ರಿ ಸ್ನೇಹಲತಾ ರೆಡ್ಡಿ, ಡೈರೆಕ್ಟರ್ ಪಟ್ಟಾಭಿರಾಮ ರೆಡ್ಡಿ, ಕ್ಯಾಮೆರಾ ಹಿಡಿದಿದ್ದು ಟಾಮ್ ಕೋವನ್ ಅಂತ ಆಸ್ಟ್ರೇಲಿಯಾದವರು. ಸೆನ್ಸಾರ್‌ನವರು ಮೊದಲು ತಡೆ ಹಿಡಿದ್ರು, ಆಮೇಲೆ ಬಿಟ್ರು, ಬಿಟ್ಟ ಮೇಲೆ ಆ ವರ್ಷದ ರಾಷ್ಟ್ರಪತಿಗಳ ಸ್ವರ್ಣಪದಕಾನೇ ಬಂತು, ಕನ್ನಡಕ್ಕೆ ಅದೇ ಮೊದಲನೇದು. ಇಷ್ಟೆಲ್ಲ ದೊಡ್ಡ ಹೆಸರುಗಳ ನಡುವೆ ಅಗ್ರಹಾರದ ಬ್ರಾಹ್ಮಣರ ಗುಂಪಿನಲ್ಲಿ ಒಬ್ಬರಾಗಿ ಲೋಕನಾಥ್ ಕೂತಿದಾರೆ.

ಆ ಗುಂಪನ್ನ ನೀವು ಮತ್ತೆ ನೋಡಬೇಕು. ನಾರಣಪ್ಪನ ಹೆಣ ಅವನ ಮನೇಲೇ ಇದೆ, ಸಂಸ್ಕಾರ ಯಾರು ಮಾಡೋದು ಅಂತ ತೀರ್ಮಾನ ಆಗಿಲ್ಲ, ಹೆಣ ಎತ್ತೋವರೆಗೂ ಯಾರೂ ಊಟ ಮಾಡೋ ಹಾಗಿಲ್ಲ. ಅಲ್ಲಿ ಕೂತವರ ಮುಖದಲ್ಲಿ ಧರ್ಮದ ಚಿಂತೆ ಒಂದು ಕಡೆ, ಹೊಟ್ಟೆ ಚುರುಗುಟ್ಟೋದು ಒಂದು ಕಡೆ. ಮಾತು ಶಾಸ್ತ್ರದ್ದು, ಕಣ್ಣು ಅಡುಗೆಮನೆ ಕಡೆ. ಮಲೆನಾಡಲ್ಲಿ ಇಂತಾ ಜಗುಲಿ ಪಂಚಾಯ್ತಿ ನೋಡಿ ಬೆಳೆದವರಿಗೆ ಅದು ಎಷ್ಟು ನಿಜ ಅನ್ನೋದು ಗೊತ್ತು. ಯಾರೂ ಎದ್ದು ಕಾಣಿಸ್ಕೊಳ್ಳಕ್ಕೆ ಹೋಗಲ್ಲ ಅಲ್ಲಿ, ಎಲ್ಲರೂ ಊರಿನವರ ಹಾಗೆ ಸುಮ್ನೆ ಕೂತಿರ್ತಾರೆ. ಕ್ಯಾಮೆರಾ ಎದುರಿಗೆ ಸುಮ್ನೆ ಕೂರೋದು ಬಹಳ ಕಷ್ಟ. ಸ್ಟೇಜ್ ಮೇಲೆ ಸ್ವಲ್ಪಾನಾದ್ರೂ ಓಡಾಡಿದವರನ್ನ ಕೇಳಿ ನೋಡಿ, ಡೈಲಾಗ್ ಇಲ್ಲದಾಗ ಕೈ ಎಲ್ಲಿಡೋದು ಅಂತಾನೇ ತಿಳಿಯಲ್ಲ.

ಆಮೇಲೆ 1972ರಲ್ಲಿ ನಾಗರಹಾವು. ಪುಟ್ಟಣ್ಣ ಕಣಗಾಲ್. ರಾಮಾಚಾರಿ ರಾತ್ರೋರಾತ್ರಿ ಕಂಬಕ್ಕೆ ಕಟ್ಟಿ ಹಾಕೋ ಪ್ರಿನ್ಸಿಪಾಲ್ ಇದಾರಲ್ಲ, ಅವರೇ. ಸ್ವಲ್ಪ ಹೊತ್ತಿನ ಪಾತ್ರ. ಆದರೆ ಆ ಪ್ರಿನ್ಸಿಪಾಲ್ ಗತ್ತಿನವರಾಗಿ ಕಾಣದೇ ಹೋಗಿದ್ರೆ ಆಮೇಲೆ ಆ ಅವಮಾನ ನಮಗೆ ತಟ್ಟೋದೇ ಇಲ್ಲ, ಅದು ತಟ್ಟದೇ ಇದ್ರೆ ರಾಮಾಚಾರಿ ಎಂತಾ ಹುಡುಗ ಅಂತ ಗೊತ್ತಾಗಲ್ಲ, ಅಲ್ಲಿಗೆ ಇಡೀ ಸಿನಿಮಾದ ಬುಡಾನೇ ಅಲ್ಲಾಡತ್ತೆ. ವಿಷ್ಣುವರ್ಧನ್ ಅನ್ನೋ ಹೀರೋ ಹುಟ್ಟಿದ್ದು ಆ ಸಿನಿಮಾದಲ್ಲಿ ಅಂತ ಎಲ್ಲರೂ ಬರೀತಾರೆ. ಸರಿನೇ. ಆ ಹೀರೋ ಎದುರು ನಿಂತು ಮೊದಲ ಕೋಪ ಹುಟ್ಟಿಸಿದವರನ್ನೂ ಒಂದು ಸಾಲು ನೆನೆಸ್ಕೊಂಡ್ರೆ ಚೆನ್ನಾಗಿತ್ತು.

ನಮ್ಮ ಭಾಷೇಲಿ ಇಂತವರಿಗೆ ಪೋಷಕ ನಟ ಅಂತೀವಿ. ಎಂತಾ ಒಳ್ಳೇ ಮಾತು ನೋಡಿ. ಪೋಷಿಸೋದು ಅಂದ್ರೆ ಸಾಕೋದು, ಉಣಿಸೋದು, ಗಿಡಕ್ಕೆ ನೀರೆರೆಯೋದು. ಯಾರು ಮೊದಲು ಈ ಪದ ಬಳಸಿದ್ರೋ ಅವರ ಬಾಯಿಗೆ ಸಕ್ಕರೆ ಹಾಕಬೇಕು. ಅಡಿಕೆ ತೋಟಕ್ಕೆ ಸೊಪ್ಪು ಹಾಕ್ತೀವಲ್ಲ, ಗೊನೆ ನೋಡಿದವರು ಸೊಪ್ಪು ನೋಡಲ್ಲ, ಸೊಪ್ಪಿಲ್ಲದಿದ್ರೆ ಗೊನೆ ಇಲ್ಲ.

1980ರ ಮಿಂಚಿನ ಓಟ ಬಗ್ಗೆ ಹೇಳ್ದೇ ಮುಂದೆ ಹೋಗಕ್ಕಾಗಲ್ಲ. ಶಂಕರ್‌ನಾಗ್‌ಗೆ ಆಗ 25 ವರ್ಷ, ಡೈರೆಕ್ಟ್ ಮಾಡಿದ ಮೊದಲನೇ ಸಿನಿಮಾ. ಟೋನಿ ಅವರೇ, ಕಟ್ಟೆ ಅನಂತ್‌ನಾಗ್, ಜೈಲಲ್ಲಿ ಇವರಿಬ್ಬರಿಗೆ ಜೊತೆಯಾಗೋ ತಾತ ನಮ್ಮ ಲೋಕನಾಥ್. ಮೂರೂ ಜನ ಸೇರಿ ಜೈಲಿಂದ ತಪ್ಪಿಸ್ಕೊಳ್ಳೋ ಕಥೆ. 52 ವರ್ಷದವರು ಆ ಇಬ್ಬರು ಹುಡುಗರ ನಡುವೆ ಎಷ್ಟು ಸಲೀಸಾಗಿ ಇದಾರೆ ಅಂದ್ರೆ, ದೊಡ್ಡವನು ಅನ್ನೋ ಬಿಗುಮಾನಾನೂ ಇಲ್ಲ, ಹುಡುಗರ ಸಮಕ್ಕೆ ಕುಣಿಯೋ ತಾಪತ್ರಯಾನೂ ಇಲ್ಲ. ನಾನು ಈ ಸಿನಿಮಾ ನೋಡಿದ್ದು ಶಿವಮೊಗ್ಗದ ಕಾಲೇಜು ದಿನಗಳಲ್ಲಿ, ಫ್ರೆಂಡ್ ರೂಮಲ್ಲಿ, ಬಾಡಿಗೆ ಸಿಡಿ ಪ್ಲೇಯರ್‌ನಲ್ಲಿ, ಹೊರಗಡೆ ಜುಲೈ ಮಳೆ ಹಿಡ್ಕೊಂಡಿತ್ತು. ಮುಗಿದ ಮೇಲೆ ನಾಲ್ಕೂ ಜನ ಮಾತಾಡಲಿಲ್ಲ ಸ್ವಲ್ಪ ಹೊತ್ತು. ಆಮೇಲೆ ಒಬ್ಬ, "ತಾತ ಇಲ್ದಿದ್ರೆ ಇವರಿಬ್ರೂ ಬರೀ ಕಳ್ರು ಆಗ್ತಿದ್ರು" ಅಂದ. ಆ ಮಾತು ನನಗೆ ಇನ್ನೂ ಸರಿ ಅನ್ಸತ್ತೆ.

ಈಗ ಉಪ್ಪಿನಕಾಯಿಗೆ ಬರ್ತೀನಿ.

ಭೂತಯ್ಯನ ಮಗ ಅಯ್ಯು, 1974, ಗೊರೂರರ ಕಥೆ, ಸಿದ್ದಲಿಂಗಯ್ಯನವರ ಸಿನಿಮಾ. ಚಿಕ್ಕಮಗಳೂರು ಹತ್ರ ಕಳಸಾಪುರದಲ್ಲಿ ತೆಗೆದಿದ್ದು. ಭೂತಯ್ಯ ಎಂ.ಪಿ. ಶಂಕರ್, ಅಯ್ಯು ಲೋಕೇಶ್, ಗುಳ್ಳ ವಿಷ್ಣುವರ್ಧನ್. ಊರನ್ನೇ ಸಾಲದಲ್ಲಿ ಮುಳುಗಿಸಿದ ಸಾಹುಕಾರ, ಸತ್ತಾಗ ಹೆಣ ಹೊರಕ್ಕೆ ಜನ ಇಲ್ಲ, ಆಮೇಲೆ ಅವನ ಮಗನ ಮೇಲೆ ಊರವರ ಸಿಟ್ಟು. ಆ ಸಿಟ್ಟು ಹೆಚ್ಚಾಗಿ ಊರವರೆಲ್ಲ ಮನೆಗೆ ನುಗ್ತಾರೆ. ಒಬ್ಬೊಬ್ಬರ ಕೈಗೆ ಒಂದೊಂದು. ಆ ಗಲಾಟೆ ಮಧ್ಯದಲ್ಲಿ ಒಬ್ಬ ಮನುಷ್ಯನಿಗೆ ಬೇಕಾಗಿರೋದು ಉಪ್ಪಿನಕಾಯಿ. ಬೇರೆ ಏನೂ ಅಲ್ಲ.

ಇದನ್ನ ಕಾಮಿಡಿ ಸೀನ್ ಅಂತ ಎಲ್ಲ ಕಡೆ ಕಟ್ ಮಾಡಿ ಹಾಕ್ತಾರೆ. ಮೊಬೈಲಲ್ಲಿ ಬರೋ ಕ್ಲಿಪ್ಪಿಗೆಲ್ಲ ನಗೋ ಮುಖದ ಚಿತ್ರ ಅಂಟಿಸಿರ್ತಾರೆ. ನಗು ಬರತ್ತೆ, ಇಲ್ಲ ಅನ್ನಲ್ಲ, ನಾನೂ ನಕ್ಕಿದೀನಿ. ಆದರೆ ಬರೀ ನಗುವಾಗಿದ್ರೆ ಐವತ್ತು ವರ್ಷ ಉಳೀತಿತ್ತಾ? ಆ ಒಂದು ದೃಶ್ಯಕ್ಕೆ ಒಬ್ಬ ನಟನ ಹೆಸರಿನ ಮುಂದೆ ಉಪ್ಪಿನಕಾಯಿ ಅಂತ ಸೇರಿಕೊಂಡು ಸಾಯೋವರೆಗೂ ಬಿಡಲಿಲ್ಲ ಅಂದ್ರೆ ಅದರಲ್ಲಿ ಬೇರೆ ಏನೋ ಇರಬೇಕಲ್ವ.

ನಾನು ಅಂದ್ಕೊಂಡಿರೋದು ಇಷ್ಟು. ಅದು ಹಸಿವು. ಅನ್ನದ ಹಸಿವಲ್ಲ, ಅನ್ನ ಹೇಗೋ ಸಿಗತ್ತೆ. ರುಚಿಯ ಹಸಿವು. ಬಡವನಿಗೆ ಹೊಟ್ಟೆ ಇದೆ ಅಂತ ಎಲ್ಲರಿಗೂ ಗೊತ್ತು, ನಾಲಿಗೆನೂ ಇದೆ ಅಂತ ಯಾರಿಗೂ ನೆನಪಾಗಲ್ಲ. ದೊಡ್ಡ ಮನೆಯ ಅಟ್ಟದ ಮೇಲೆ ಸಾಲಾಗಿ ಇರೋ ಭರಣಿಗಳನ್ನ ಬಾಗಿಲಾಚೆಯಿಂದ ಮೂಗಲ್ಲಿ ಮಾತ್ರ ತಿಂದವನು, ಒಂದು ದಿನ ಬೆರಳು ಅದ್ದಿ ನಾಲಿಗೆ ಮೇಲೆ ಇಟ್ಕೊಂಡಾಗ ಹೇಗಿರತ್ತೆ ಅನ್ನೋದು ಅದು. ಲೋಕನಾಥ್ ಮುಖ ನೋಡಿ, ಕದ್ದು ತಿನ್ನೋ ಹೆದರಿಕೆ ಇಲ್ಲ, ಗೆದ್ದೆ ಅನ್ನೋ ಜಂಬಾನೂ ಇಲ್ಲ, ಆ ಹೊತ್ತಿಗೆ ಊರು, ಸಾಹುಕಾರ, ಗಲಾಟೆ ಎಲ್ಲ ಮರೆತೇ ಹೋಗಿರತ್ತೆ. ನಾಲಿಗೆ, ಭರಣಿ, ಅಷ್ಟೇ ಜಗತ್ತು.

1974 ಅಂದ್ರೆ ನಮ್ಮ ಜಿಲ್ಲೆಗೆ ಸುಮ್ನೆ ಒಂದು ಇಸವಿ ಅಲ್ಲ. ಸಾಗರ ತಾಲೂಕಿನ ಕಾಗೋಡಲ್ಲಿ ಗೇಣಿ ರೈತರು ಎದ್ದು ನಿಂತಿದ್ದು 1951ರಲ್ಲಿ, ಗೇಣಿ ಅಳೆಯೋ ಕೊಳಗ ದೊಡ್ಡದು ಮಾಡಿಟ್ಕೊಂಡು ಧಣಿಗಳು ಜಾಸ್ತಿ ಭತ್ತ ಹೊಡೀತಾರೆ ಅಂತ ಶುರುವಾದ ಗಲಾಟೆ. ಅದಾಗಿ ಇಪ್ಪತ್ತಮೂರು ವರ್ಷಕ್ಕೆ, 1974ರ ಮಾರ್ಚ್ 1ಕ್ಕೆ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಉಳುವವನೇ ಹೊಲದೊಡೆಯ. ಅದೇ ವರ್ಷ ಈ ಸಿನಿಮಾ ಟಾಕೀಸಿಗೆ ಬಂದಿದ್ದು. ಗೇಣಿ ಕೊಟ್ಟು ಕೊಟ್ಟು ಬೆನ್ನು ಬಾಗಿದವರು ಗೇಣಿ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ ನಂಬರ್ 7 ತುಂಬಿಸೋಕೆ ತಾಲೂಕಾಫೀಸು ಸುತ್ತೋ ಕಾಲ. ನಮ್ಮ ಕಡೆ ಅದಕ್ಕೆ ಡಿಕ್ಲರೇಷನ್ ಹಾಕೋದು ಅಂತಾರೆ. ನಮ್ಮಜ್ಜನೂ ಹಾಕಿದ್ರು. ಎರಡು ಎಕರೆ ಮೂವತ್ತು ಗುಂಟೆ ಗದ್ದೆ.

ಅಂತಾ ಜನ ಕತ್ತಲಲ್ಲಿ ಕೂತು ಲೋಕನಾಥ್‌ನ ನೋಡಿದ್ರು ಅನ್ನೋದು ನನ್ನ ತಲೇಲಿ ಯಾವಾಗ್ಲೂ ಓಡ್ತಾ ಇರತ್ತೆ.

ಸ್ವಲ್ಪ ನನ್ನ ಅನುಭವ ಹೇಳಬೇಕು ಇಲ್ಲಿ, ಯಾಕಂದ್ರೆ ಆ ನಟನೆಯ ಬೆಲೆ ನನಗೆ ಮೈಯಿಗೆ ತಾಗಿದ್ದು ಆವಾಗಲೇ. ಹತ್ತು ಹನ್ನೆರಡು ವರ್ಷದ ಕೆಳಗೆ ಶಿವಮೊಗ್ಗದ ನಮ್ಮ ಹವ್ಯಾಸಿ ತಂಡದಲ್ಲಿ ಒಂದು ನಾಟಕ, ಕುವೆಂಪು ರಂಗಮಂದಿರದಲ್ಲಿ ಶೋ. ನನ್ನದು ದೊಡ್ಡ ಮನೆಯ ಮುದಿ ಆಳಿನ ಪಾತ್ರ. ಮೂರೇ ಸೀನು, ಅದರಲ್ಲಿ ಒಂದು ಸೀನಲ್ಲಿ ಕೊಟ್ಟಿಗೆ ಮೂಲೇಲಿ ಕೂತು ಗಂಜಿ ಉಣ್ಣೋದು, ಮಾತಿಲ್ಲ. ಎದುರಿಗೆ ಮನೆಯವರ ಜಗಳ ನಡೀತಾ ಇರತ್ತೆ, ನಾನು ಉಣ್ತಾ ಇರ್ತೀನಿ. ಪ್ರಾಕ್ಟೀಸಲ್ಲಿ ಖಾಲಿ ಬಟ್ಟಲು, ಖಾಲಿ ಕೈ. ದಿನಾ ಮಾಡ್ತಿದ್ದೆ, ದಿನಾ ಸುಳ್ಳು ಅನ್ಸ್ತಿತ್ತು. ಕೈ ಬಾಯಿಗೆ ಹೋಗ್ತಿತ್ತು, ಗಂಟಲು ನುಂಗ್ತಾ ಇರಲಿಲ್ಲ.

ಆವಾಗ ಮನೆಗೆ ಬಂದು ಲೋಕನಾಥ್ ಸೀನ್ ಹಾಕ್ಕೊಂಡು ಕೂತೆ. ಒಂದ್ಸಲ ಅಲ್ಲ, ಇಪ್ಪತ್ತು ಮೂವತ್ತು ಸಲ. ನೋಡ್ತಾ ನೋಡ್ತಾ ಗೊತ್ತಾಗಿದ್ದು ಏನಂದ್ರೆ ಅವರು ತಿನ್ನೋದನ್ನ ನಟಿಸ್ತಾ ಇಲ್ಲ, ರುಚಿ ಬರೋದಕ್ಕೆ ಕಾಯ್ತಾ ಇದಾರೆ. ಹುಳಿ ನಾಲಿಗೆಗೆ ತಾಗಿ ಕಿವಿ ಹಿಂದೆ ಸೆಳೆಯೋಕೆ ಒಂದು ಕ್ಷಣ ಬೇಕು, ಖಾರ ಅದಕ್ಕಿಂತ ತಡವಾಗಿ ಬರತ್ತೆ, ಆಮೇಲೆ ಬಾಯಲ್ಲಿ ನೀರು. ಆ ಹೊತ್ತನ್ನ ಅವರು ಮುಖಕ್ಕೆ ಬಿಟ್ಟುಕೊಟ್ಟಿದಾರೆ. ನಾವು ಮಾಡೋ ತಪ್ಪು ಇದೇ, ಕೈ ಬಾಯಿಗೆ ಹೋಗೋ ಮುಂಚೇನೇ ಮುಖದಲ್ಲಿ ರುಚಿ ತೋರಿಸ್ಬಿಡ್ತೀವಿ.

ಮಾರನೇ ದಿನ ಅಮ್ಮನ ಹತ್ರ ಒಂದು ಸಣ್ಣ ಡಬ್ಬಿಗೆ ನಾಲ್ಕು ಅಪ್ಪೆಮಿಡಿ ಹಾಕಿಸ್ಕೊಂಡು ಹೋದೆ. ತಂಡದಲ್ಲಿ ಒಬ್ಬರು ಬೇಡ ಅಂದ್ರು, ಸ್ಟೇಜ್ ಮೇಲೆ ನಿಜವಾದ ಪದಾರ್ಥ ಯಾಕೆ, ಮಾಡಿ ತೋರಿಸೋದೇ ನಟನೆ ಅಂತ. ಅವರ ಮಾತಲ್ಲೂ ನ್ಯಾಯ ಇತ್ತು. ಆದರೆ ಶೋ ದಿನ ನಾನು ಡಬ್ಬಿ ಇಟ್ಕೊಂಡೇ ಹೋದೆ. ಮಿಡಿ ಹೇಗೆ ತಿಂತಾರೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ತೊಟ್ಟು ಹಿಡಿದು ಎತ್ತೋದು, ಮೊದಲು ಮೈಗೆ ಅಂಟಿದ ಸಾಸಿವೆ ರಸ ಚೀಪೋದು, ಗಂಜಿ ಒಂದು ಗುಟುಕು, ಆಮೇಲೆ ತುದಿ ಮಾತ್ರ ಕಚ್ಚೋದು. ಒಂದು ಮಿಡೀಲಿ ಎರಡು ಬಟ್ಟಲು ಗಂಜಿ ಹೋಗತ್ತೆ. ಅಷ್ಟೇ ಮಾಡಿದೆ. ಬೇರೆ ಏನೂ ಮಾಡಲಿಲ್ಲ. ಎದುರಿಗೆ ಜಗಳ ಜೋರಾಗಿ ನಡೀತಿತ್ತು. ಮಿಡಿಯ ವಾಸನೆ ಮುಂದಿನ ಸಾಲುಗಳಿಗೆ ಹೋಗಿರಬೇಕು, ಒಬ್ಬ ಅಜ್ಜಿ ಬಾಯಿಬಿಟ್ಟೇ "ಅಯ್ಯೋ ಅಪ್ಪೆಮಿಡಿ" ಅಂದಿದ್ದು ನನಗೆ ಸ್ಟೇಜ್ ಮೇಲೆ ಕೇಳಿಸ್ತು. ನಗೋದಕ್ಕೆ ಅಂದಿದ್ದಲ್ಲ ಅವರು. ಅವರ ದನೀಲಿ ಏನಿತ್ತು ಅನ್ನೋದನ್ನ ಬರೆಯೋಕೆ ಆಗಲ್ಲ, ಆದರೆ ಆ ಸೀನ್ ನನಗೆ ಹೇಳಿಕೊಟ್ಟವರು ಯಾರು ಅನ್ನೋದು ಆ ಕ್ಷಣಕ್ಕೆ ಗೊತ್ತಿತ್ತು.

ಲೋಕನಾಥ್ ತೀರಿಕೊಂಡ ದಿನದ ರಾತ್ರಿ ನೆನಪಿದೆ. ಹೊಸ ವರ್ಷದ ಹಿಂದಿನ ರಾತ್ರಿ, ಊರೆಲ್ಲ ಕೇಕ್ ಅಂಗಡಿ ಮುಂದೆ ಕ್ಯೂ. ಒಂದು ಚಾನೆಲ್‌ನಲ್ಲಿ ಡ್ಯಾನ್ಸ್ ಕಾರ್ಯಕ್ರಮ ಬರ್ತಿತ್ತು, ಕೆಳಗೆ ಓಡೋ ಪಟ್ಟೀಲಿ ಅವರ ಹೆಸರು ಬಂತು, ಹೋಯ್ತು. ಮತ್ತೆ ಬರತ್ತೆ ಅಂತ ಅಪ್ಪ ಎದ್ದು ಟಿವಿ ಹತ್ರ ಹೋಗಿ ನಿಂತ್ರು. ಮತ್ತೆ ಬರೋ ಹೊತ್ತಿಗೆ ಕನ್ನಡಕ ಹಾಕ್ಕೊಂಡಿದ್ರು. ಓದಿದ್ರು. ಸೌಂಡ್ ಕಮ್ಮಿ ಮಾಡಿದ್ರು. ಅಷ್ಟು ದೊಡ್ಡ ನಟನಿಗೆ ಹಾಡು ಕುಣಿತದ ಕಾಲ ಕೆಳಗೆ ಒಂದು ಸಾಲು, ನನಗೆ ಅವತ್ತು ತುಂಬಾ ಬೇಜಾರಾಯ್ತು, ಇವತ್ತಿಗೂ ಆ ಬೇಜಾರು ಹೋಗಿಲ್ಲ. ಆ ಮುಂದಿನ ಆರು ತಿಂಗಳು ಹಾಗೇ ಇತ್ತು, ಮೇ 2ಕ್ಕೆ ನಾಟಕದ ಮಾಸ್ಟರ್ ಹಿರಣ್ಣಯ್ಯ ಹೋದ್ರು, ಜೂನ್ 10ಕ್ಕೆ ಕಾರ್ನಾಡ್ ಹೋದ್ರು. ಸಂಸ್ಕಾರದವರಂತೂ ವೈಕುಂಠಪುರದ ಆ ಜಗುಲಿಯಿಂದ ಒಬ್ಬೊಬ್ಬರೇ ಎದ್ದು ಹೋದ ಹಾಗೆ. ಲಂಕೇಶ್ 2000ದಲ್ಲೇ ಹೋಗಿದ್ರು, ಅದರಲ್ಲೇ ನಟಿಸಿದ್ದ ಸಿ.ಆರ್. ಸಿಂಹ, ಕಥೆ ಬರೆದ ಅನಂತಮೂರ್ತಿ ಇಬ್ಬರೂ 2014ರಲ್ಲಿ. ಸ್ನೇಹಲತಾ ರೆಡ್ಡಿಯವರಂತೂ ತುರ್ತು ಪರಿಸ್ಥಿತಿಯ ಜೈಲಲ್ಲಿ ನರಳಿ, ಹೊರಗೆ ಬಂದ ಸ್ವಲ್ಪ ದಿನಕ್ಕೇ, 1977ರ ಜನವರೀಲಿ.

ಈಗ ಒಳ್ಳೊಳ್ಳೆ ಪೋಷಕ ನಟರು ಇಲ್ಲ ಅಂತ ನಾನು ಹೇಳಲ್ಲ. ಹೆಗ್ಗೋಡಿನ ನೀನಾಸಂ ಕಡೆ ನೋಡಿ, ಕೆ.ವಿ. ಸುಬ್ಬಣ್ಣ ಆ ಕಾಡೊಳಗಿನ ಹಳ್ಳೀಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದಾಗಿಂದ ಎಷ್ಟು ಜನ ಅಲ್ಲಿ ಕಲಿತು ಇವತ್ತು ಸಿನಿಮಾದಲ್ಲಿ ಅಪ್ಪ, ಅಣ್ಣ, ಪೊಲೀಸು, ಮೇಷ್ಟ್ರು ಆಗಿ ನಿಂತಿದಾರೆ, ಅಚ್ಯುತ್ ಕುಮಾರ್ ಒಬ್ಬರ ಹೆಸರು ಹೇಳಿದ್ರೆ ಸಾಕು. ಎಲ್ಲರೂ ಬಂದಿರೋದು ಅದೇ ದಾರೀಲಿ, ನಾಟಕದಿಂದ. ಹೆಗ್ಗೋಡಿಗೆ ಹೋದಾಗೆಲ್ಲ ನಾನು ಪ್ರಾಕ್ಟೀಸ್ ನಡೆಯೋ ಕಡೆ ಸುಮ್ನೆ ಹೋಗಿ ಕೂರ್ತೀನಿ. ಮುಖ್ಯ ಪಾತ್ರದವರನ್ನ ನೋಡಲ್ಲ, ಹಿಂದೆ ನಿಂತ ಹುಡುಗರನ್ನ ನೋಡ್ತೀನಿ, ಮಾತಿಲ್ಲದಾಗ ಅವರ ಕೈ ಏನು ಮಾಡ್ತಿದೆ ಅಂತ.

ಸರಿ, ಭಾನುವಾರ ಅಪ್ಪ ಹೇಳಿದ್ದು.

ಅಜ್ಜ ಡಿಕ್ಲರೇಷನ್ ಕಾಗದ ಪತ್ರದ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಿದ್ರಂತೆ. ಅಪ್ಪ ಆಗ ಇಲ್ಲೇ ಪಿಯುಸಿ. ಕೆಲಸ ತಡವಾಗಿ ಹೊಸನಗರದ ಕೊನೇ ಬಸ್ಸು ತಪ್ಪಿ ಹೋಯ್ತು. ರಾತ್ರಿ ಕಳೀಬೇಕು, ಅಜ್ಜನಿಗೆ ಲಾಡ್ಜಿಗೆ ದುಡ್ಡು ಕೊಡೋಕೆ ಮನಸ್ಸಿಲ್ಲ, ಅಪ್ಪನೇ ಬಲವಂತ ಮಾಡಿ ಸೆಕೆಂಡ್ ಶೋಗೆ ಕರ್ಕೊಂಡು ಹೋದ್ರಂತೆ. ಭೂತಯ್ಯನ ಮಗ ಅಯ್ಯು. ಅಜ್ಜ ಜೀವಮಾನದಲ್ಲಿ ನೋಡಿದ್ದೇ ನಾಲ್ಕೈದು ಸಿನಿಮಾ. ಉಪ್ಪಿನಕಾಯಿ ಸೀನ್ ಬಂತು, ಟಾಕೀಸೆಲ್ಲ ನಗ್ತಾ ಇದೆ, ಅಪ್ಪನೂ ನಗ್ತಾ ಪಕ್ಕಕ್ಕೆ ತಿರುಗಿ ನೋಡಿದ್ರೆ ಅಜ್ಜ ನಗ್ತಾ ಇಲ್ಲ. ಅಂಗೈಯನ್ನ ಪಂಚೆಗೆ ಒರೆಸ್ಕೋತಾ ಇದ್ರಂತೆ. ಮತ್ತೆ ಮತ್ತೆ.

ನಮ್ಮ ಹಳೇ ಮನೆ ಹಿಂದೆ ಹಳ್ಳದ ದಂಡೆ ಮೇಲೆ ಒಂದು ಅಪ್ಪೆಮರ ಇದೆ, ಜೀರಿಗೆ ವಾಸನೇದು. ಪ್ರತಿ ವರ್ಷ ಅದನ್ನ ಹತ್ತಿ ಮಿಡಿ ಇಳಿಸ್ತಿದ್ದಿದ್ದು ಅಜ್ಜನೇ. ಮಿಡಿ ಇಳಿಸೋದು ಅಂದ್ರೆ ಬಡಿದು ಉದುರಿಸೋದಲ್ಲ, ನೆಲಕ್ಕೆ ಬಿದ್ದ ಮಿಡಿ ಭರಣೀಲಿ ಕೊಳೆತು ಎಲ್ಲವನ್ನೂ ಹಾಳು ಮಾಡತ್ತೆ, ತೊಟ್ಟು ಸಮೇತ ಕೈಯಲ್ಲಿ ಬಿಡಿಸಿ ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಸಿಡೀತದೆ, ಮೈ ಕೈ ಸುಟ್ಟು ಕಪ್ಪಾಗತ್ತೆ. ಅಜ್ಜನ ಮುಂಗೈ ಮೇಲೆ ಆ ಸೊನೆ ಸುಟ್ಟ ಕಲೆಗಳು ನಾನೂ ನೋಡಿದೀನಿ. ಹಾಗೆ ಇಳಿಸಿದ ಮಿಡಿ ಅಷ್ಟೂ ಧಣಿಗಳ ಮನೆಗೆ ಹೋಗ್ತಿತ್ತು. ಮರ ಅವರ ಗದ್ದೆ ಅಂಚಿನದು. ಒಂದು ಕಾಯಿನೂ ಮನೆಗೆ ತರೋ ಹಾಗಿರಲಿಲ್ಲ, ತಂದಿದ್ರೂ ಬೈತಿದ್ರೋ ಇಲ್ವೋ, ಅಜ್ಜ ತರ್ತಿರಲಿಲ್ಲ. ಅವರ ಮನೇಲಿ ಉಪ್ಪು ಹಾಕಿ ಭರಣಿ ತುಂಬೋವಾಗ ಹಿತ್ತಿಲ ಬಾಗಿಲಲ್ಲಿ ಬುಟ್ಟಿ ಇಟ್ಟು ಬರ್ತಿದ್ರು. ನಮ್ಮನೆ ಗಂಜಿಗೆ ಉಪ್ಪು, ಸುಟ್ಟ ಮೆಣಸಿನಕಾಯಿ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಅಪ್ಪ ಐವತ್ತು ವರ್ಷ "ಲೋಕನಾಥ್ ಇರ್ಬೇಕಿತ್ತು" ಅಂದಿದ್ದು ತಮಾಷೆಗೆ ಅನ್ಕೊಂಡಿದ್ದೆ.

ಮಾರನೇ ದಿನ ಮಧ್ಯಾಹ್ನ ಅಜ್ಜ ಊರು ತಲುಪಿ, ಕಾಗದದ ಚೀಲ ಗೂಟಕ್ಕೆ ಹಾಕಿ, ಅಜ್ಜಿ ಹತ್ರ ಮೊದಲು ಕೇಳಿದ್ದು ಮನೇಲಿ ಭರಣಿ ಇದೆಯಾ ಅಂತಂತೆ. ಇರಲಿಲ್ಲ. ಮುಂದಿನ ಸಂತೇಲಿ ಒಂದು ತಂದ್ರು. ಗದ್ದೆ ಇನ್ನೂ ನಮ್ಮ ಹೆಸರಿಗೆ ಆಗಿರಲಿಲ್ಲ, ಗೇಣಿ ಅರ್ಜಿ ವಿಚಾರಿಸೋ ಲ್ಯಾಂಡ್ ಟ್ರಿಬ್ಯುನಲ್ ತೀರ್ಮಾನ ಬಂದಿದ್ದು ಅದಾಗಿ ಎಷ್ಟೋ ತಿಂಗಳ ಮೇಲೆ. ಅಲ್ಲಿವರೆಗೆ ಆ ಭರಣಿ ಖಾಲಿನೇ ಅಟ್ಟದ ಮೇಲಿತ್ತಂತೆ, ಬಾಯಿಗೆ ಬಟ್ಟೆ ಕಟ್ಟಿ. ತಿಂಗಳಿಗೊಮ್ಮೆ ಅಜ್ಜಿ ಕೆಳಗಿಳಿಸಿ ತೊಳೆದು ಬಿಸಿಲಿಗಿಟ್ಟು ಮತ್ತೆ ಮೇಲಿಡ್ತಿದ್ರು. ತೀರ್ಮಾನ ಬಂದ ವರ್ಷ ಅಜ್ಜ ಮರ ಹತ್ತಿದ್ರು, ಬುಟ್ಟಿ ಇಳಿಸಿದ್ರು, ಅಪ್ಪ ಕೆಳಗೆ ನಿಂತು ಹಗ್ಗ ಬಿಚ್ಕೊಂಡ್ರು. ಮಿಡಿ ಒಂದು ಪದರ ಉಪ್ಪು ಒಂದು ಪದರ ಹಾಕಿದ್ದು ಅಜ್ಜಿ.

ಉಪ್ಪಲ್ಲಿ ಮಿಡಿ ಸುಕ್ಕಾಗಿ, ಖಾರ ಅರೆದು ಹಾಕಿ, ಮತ್ತೆ ಬಾಯಿ ಕಟ್ಟಿ, ತೆಗೆಯೋ ಹೊತ್ತಿಗೆ ಮಳೆಗಾಲ ಹಿಡಿದಿತ್ತಂತೆ. ಅಜ್ಜ ಜಗುಲೀಲಿ ಕೂತು ತೊಟ್ಟು ಹಿಡಿದು ಒಂದು ಎತ್ಕೊಂಡ್ರು. ಕಣ್ಣು ಮುಚ್ಚಿದ್ರು. ಎಷ್ಟೋ ಹೊತ್ತಿನ ಮೇಲೆ ಅಪ್ಪನ ಕಡೆ ನೋಡಿ, "ಆವತ್ತು ಆ ಮನುಷ್ಯ ಸರಿಯಾಗೇ ತಿಂದಿದ್ದ ಕಣೋ" ಅಂದ್ರಂತೆ.

ಕುತ್ತಿಗೆ ಹತ್ರ ಚಕ್ಕೆ ಎದ್ದಿರೋದು ಆ ಭರಣಿನೇ. ಭಾನುವಾರ ಅಮ್ಮ ಬಿಚ್ಚಿದ್ದು ಅದನ್ನೇ.